ಹ್ಯಾಂಗರಿಗೆ ನೇತುಬಿದ್ದ ತೋಟ

ಬೆಳಕು ಹರಿಯುವ ಹೊತ್ತಿಗೆ ಇಸ್ತ್ರಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾತಿಲ್ಲದ ಒಂದು ಕೆಲಸ ನಡೆದಿತ್ತು. ತಂತಿಯ ಹ್ಯಾಂಗರುಗಳನ್ನು ಬಿಚ್ಚಿ ನೆಟ್ಟಗೆ ಮಾಡುವುದು, ಮತ್ತೆ ಕಮಾನಿನ ಹಾಗೆ ಬಗ್ಗಿಸುವುದು. ಬಗ್ಗಿಸುತ್ತಿದ್ದವನನ್ನು ಬೀದಿಯವರೆಲ್ಲ ಗರಿಗರಿ ಎನ್ನುತ್ತಿದ್ದರು. ಅವನ ಕೈಗೆ ಬಂದ ಬಟ್ಟೆಯೆಲ್ಲ ಗರಿಗರಿಯಾಗುತ್ತಿತ್ತು; ಅವನು ಮಾತ್ರ ಹಿಂಡಿಟ್ಟು ಒಣಹಾಕಲು ಮರೆತ ಟವಲಿನ ಹಾಗಿದ್ದ.

ಇಷ್ಟಕ್ಕೆಲ್ಲ ಕಾರಣ ಒಂದು ಚಿಟಿಕೆ ಬೀಜ. ಬೀದಿಯ ತುದಿಮನೆಯ ನರ್ಸು ತನ್ನ ಬಿಳಿ ಯೂನಿಫಾರ್ಮಿನ ಜೊತೆಗೆ ಒಂದು ಪೊಟ್ಟಣವನ್ನೂ ಅವನ ಕೈಗಿಟ್ಟಿದ್ದಳು. “ನಮ್ಮನೆ ಅಂಗಳಕ್ಕೆ ಬಿಸಿಲೇ ಬೀಳಲ್ಲ. ನೀವು ಹಾಕಿ ನೋಡ್ತೀರಾ? ಹೂ ಬಿಟ್ರೆ ನಂಗೂ ತೋರಿಸಿ.”

ಅವಳು ಅವನ ಜೊತೆ ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಅವನು ಅವಳ ಜೊತೆ ಆಡಿದ್ದ ಅತಿ ಉದ್ದದ ಮಾತು “ನಾಳೆ ಸಿಗುತ್ತೆ ಮೇಡಂ.” ಬೀಜ ಮೊಳೆತ ಮೇಲೆ ಆ ನಾಳೆಗಳಲ್ಲಿ ಉಳಿದುಹೋದದ್ದನ್ನೆಲ್ಲ ಅವನು ಸಸಿಗಳಿಗೆ ಹೇಳುತ್ತಿದ್ದ. ಅವು ಎರಡೆರಡು ಎಲೆ ಅರಳಿಸಿ ಕೇಳುತ್ತಿದ್ದವು. ಈಗ ಚಳಿಗಾಳಿ ಎದ್ದು ಕೆಲವು ಸಸಿಗಳು ತಲೆ ಬಾಗಿಸಿದ್ದವು. ಉಳಿದವಕ್ಕೆ ಮನೆ ಬೇಕಿತ್ತು.

ಹಣ್ಣಿನ ಹಗುರ ಪೆಟ್ಟಿಗೆಯಲ್ಲಿ ಮಣ್ಣು, ಅದರ ಮೇಲೆ ತಂತಿಯ ಕಮಾನು, ಕಮಾನಿನ ಮೇಲೆ ಕೋಟುಗಳಿಗೆ ಹಾಕುವ ತೆಳು ಪ್ಲಾಸ್ಟಿಕ್ ಕವರು. ಸಂಜೆ ಇದನ್ನು ತಾನೇ ಅವಳ ಮನೆಗೆ ಒಯ್ದು, “ಇದನ್ನ ನಿಮಗೋಸ್ಕರ ಮಾಡ್ದೆ” ಅನ್ನಬೇಕು. ಇಡೀ ವಾರ ಬಿಸಿ ಇಸ್ತ್ರಿಪೆಟ್ಟಿಗೆಯ ಮುಂದೆ ನಿಂತು ಆ ಒಂದು ಸಾಲನ್ನು ಅವನು ಬಾಯಿಪಾಠ ಮಾಡಿದ್ದ.

ಅಷ್ಟರಲ್ಲಿ ಪಕ್ಕದಂಗಡಿಯ ಬೀಗದವನು ಇಣುಕಿದ.

“ಏನಪ್ಪಾ ಗರಿಗರಿ, ಸೊಳ್ಳೆಗೆ ಮನೆ ಕಟ್ತಿದೀಯಾ?”

“ಸಸಿಗೆ.”

“ಹಂಗಾದ್ರೆ ಮೇಲೆ ಕೊಕ್ಕೆ ಬಿಡು ಮಾರಾಯ. ಹೊತ್ಕೊಂಡು ಹೋಗೋದು ಹೆಂಗೆ?” ಎಂದು ಅವನೇ ಎರಡು ಹ್ಯಾಂಗರಿನ ತಲೆಗಳನ್ನು ತಿರುಚಿ ಮೇಲೆ ಸಿಕ್ಕಿಸಿದ.

ಎದುರು ಸಾಲಿನ ಟೈಲರಮ್ಮ ಕುಳಿತಲ್ಲಿಂದಲೇ ಕೂಗಿದಳು. “ಕತ್ತಲಲ್ಲಿ ಇಟ್ರೆ ಬದುಕುತ್ತೇನೋ? ಬಿಸಿಲಿಗೆ ಹಿಡಿಯೋ!”

ಅಂಗಡಿಯಲ್ಲಿ ಬಿಸಿಲು ಬೀಳುತ್ತಿದ್ದದ್ದು ಬಾಗಿಲ ಪಕ್ಕದ ಬಲಗಡೆ ಕಂಬಿಯ ಮೇಲೆ ಮಾತ್ರ. ಗರಿಗರಿ ತೋಟವನ್ನು ಅಲ್ಲಿ ನೇತುಹಾಕಿ ಹಿಂದೆ ಸರಿದು ನೋಡಿದ. ಚಂದ ಕಂಡಿತು. ಅಷ್ಟೇ ಹೊತ್ತಿಗೆ ಅಂಗಡಿಯ ಯಜಮಾನಿ ದೊಡ್ಡಮ್ಮ ಅವನನ್ನು ಇದ್ದಿಲು ತರಲು ಅಟ್ಟಿದಳು.

ಆ ಅಂಗಡಿಯಲ್ಲಿ ದೊಡ್ಡಮ್ಮ ಮಾಡಿದ್ದು ಒಂದೇ ಕಾನೂನು. ಎಡಗಡೆ ಕಂಬಿಯದು ಇಸ್ತ್ರಿಗೆ, ಬಲಗಡೆ ಕಂಬಿಯದು ಮನೆಗೆ. ಮನೆಗೆ ಮುಟ್ಟಿಸುವ ಸೈಕಲ್ ಮಾವ ಕವರಿನೊಳಗೆ ಏನಿದೆ ಎಂದು ಈ ಜನ್ಮದಲ್ಲಿ ನೋಡಿದವನಲ್ಲ. ಅವನು ಓದುತ್ತಿದ್ದದ್ದು ಕವರಿಗೆ ಚುಚ್ಚಿದ ಚೀಟಿಯನ್ನಷ್ಟೇ.

ಗರಿಗರಿ ಇದ್ದಿಲು ಹೊತ್ತು ಬಂದಾಗ ಬಲಗಡೆ ಕಂಬಿ ಬೋಳಾಗಿತ್ತು.

“ಮಾವಾ! ನನ್ನ ತೋಟ?”

“ಹಲ್ಲಿನ ಡಾಕ್ಟರ್ ಕೋಟಾ? ಕೊಟ್ಟು ಬಂದೆ. ಈ ಸಲ ಏನೋ ಭಾರ ಇತ್ತಪ್ಪ, ಗಂಜಿ ಜಾಸ್ತಿ ಹಾಕಿದೀಯ ಅಂದ್ಕೊಂಡೆ.”

ಬೆಳಿಗ್ಗೆ ತೋಟಕ್ಕೆಂದು ಅವನು ಅವಸರದಲ್ಲಿ ಎಳೆದುಕೊಂಡ ಕವರು ಡಾಕ್ಟರರ ಕೋಟಿನದು. ಅವರ ಹೆಸರಿನ ಚೀಟಿ ಅದಕ್ಕೆ ಇನ್ನೂ ಚುಚ್ಚಿಕೊಂಡೇ ಇತ್ತು. ಗರಿಗರಿ ಇದ್ದಿಲ ಹೊರೆಯನ್ನು ಅಲ್ಲೇ ಕೆಡವಿದ. ಮಸಿ ಕೈಯಲ್ಲೇ ಕ್ಲಿನಿಕ್ಕಿಗೆ ಓಡಿದ.

“ನಾನು ಪೇಷಂಟ್ ಅಲ್ಲಮ್ಮ…” ಎಂದು ಶುರುಮಾಡಿದವನ, ಮಸಿ ಮೆತ್ತಿ ಬಾತಂತೆ ಕಾಣುತ್ತಿದ್ದ ಕೆನ್ನೆಯನ್ನು ಮುಂದಿನ ಮೇಜಿನ ಹುಡುಗಿ ದಿಟ್ಟಿಸಿದಳು. “ಎಲ್ರೂ ಹಂಗೇ ಹೇಳಿ ಓಡಿಹೋಗ್ತಾರೆ. ಬನ್ನಿ ಒಳಗೆ, ಹೆದರಬೇಡಿ.” ಇಲ್ಲ ಎನ್ನಲು ಸಂಕೋಚಪಟ್ಟು ಅವನು ಕುರ್ಚಿಯಲ್ಲಿ ಕುಳಿತ. ತೋಟದ ವಿಷಯ ಕೇಳಲೆಂದು ಬಾಯಿ ತೆರೆದ. ಅದನ್ನೇ ಕಾಯುತ್ತಿದ್ದ ಡಾಕ್ಟರು ಕನ್ನಡಿ ತೂರಿಸಿದರು.

“ಅಯ್ಯೋ, ಹಿಂದಿನ ದವಡೆ ಹಲ್ಲು ಪೂರ್ತಿ ಹಾಳಾಗಿದೆಯಲ್ರೀ! ಒಳ್ಳೇ ಟೈಮಿಗೆ ಬಂದ್ರಿ.”

“ಆಂ… ಗಿ…”

“ನೋವಾಗಲ್ಲ, ಸೂಜಿ ಕೊಡ್ತೀನಿ.”

ಹಲ್ಲು ಕೈಗೆ ಬಂದ ಮೇಲೆ ಡಾಕ್ಟರು ಅವನ ಗುರುತು ಹಿಡಿದರು. “ಇಸ್ತ್ರಿ ಅಂಗಡಿಯವರಲ್ವಾ ನೀವು? ಕೋಟು ಕೇಳಿದ್ರೆ ಗಿಡ ಕಳಿಸಿದೀರಲ್ರೀ! ನಂಗೆ ಗಿಡ ಅಂದ್ರೆ ಬರೀ ಸೀನು. ತುದಿಮನೆ ನರ್ಸಮ್ಮ ಬಂದಿದ್ರು, ಅವರಿಗೇ ಕೊಟ್ಬಿಟ್ಟೆ.”

ನರ್ಸಮ್ಮ! ಗರಿಗರಿಯ ಕಣ್ಣಲ್ಲಿ ದೀಪ ಹತ್ತಿತು. ತೋಟ ಸೇರಬೇಕಾದಲ್ಲಿಗೇ ಸೇರಿದೆ. ಇನ್ನು ಆ ಒಂದು ಸಾಲು ಹೇಳಿದರೆ ಮುಗಿಯಿತು. ಬಾಯಲ್ಲಿ ಹತ್ತಿ ಕಚ್ಚಿಕೊಂಡು ತುದಿಮನೆಗೆ ಹಾರಿದ.

ಅವಳು ಬಾಗಿಲು ತೆರೆದಾಗ ತೋಟ ಅಡುಗೆಮನೆಯ ಕಿಟಕಿಯಲ್ಲಿ ತೂಗುತ್ತಿತ್ತು. ಅವಳ ಮುಖದಲ್ಲಿದ್ದ ನಗುವನ್ನು ಅವನು ಇಸ್ತ್ರಿ ಅಂಗಡಿಯ ಬಾಗಿಲಲ್ಲಿ ಒಂದು ದಿನವೂ ಕಂಡಿರಲಿಲ್ಲ.

“ಇವನ್ನ ನಿವಗೋಫ್ಕವ…” ಎಂದ. ಮರಗಟ್ಟಿದ ತುಟಿ ಮುಂದಕ್ಕೆ ಸಾಗಲಿಲ್ಲ.

“ಅಯ್ಯೋ, ಹಲ್ಲು ಕೀಳಿಸಿದ್ರಾ? ಮಾತಾಡಬೇಡಿ, ರಕ್ತ ಬರುತ್ತೆ. ಇಲ್ಲಿ ನೋಡಿ, ಡಾಕ್ಟರು ಕೊಟ್ಟಿದ್ದು! ಚೀಟಿಯಲ್ಲಿ ಹೆಸರೂ ಇದೆ. ನೀವೇ ಮಾಡಿದ್ರಾ ಅಂತ ಕೇಳಿದೆ, ಬರೀ ನಕ್ಕರು. ಎಷ್ಟು ಸಂಕೋಚ ಆ ಮನುಷ್ಯನಿಗೆ! ಬಾಯಿಬಿಟ್ಟು ಹೇಳಲಾರದೇ ಇರೋರ ಮನಸ್ಸು ದೊಡ್ಡದಿರುತ್ತೆ, ಅಲ್ವಾ?”

ಗರಿಗರಿ ತಲೆಯಾಡಿಸಿದ. ಬೇರೇನು ತಾನೇ ಮಾಡಲು ಸಾಧ್ಯವಿತ್ತು?

“ನಿಮಗೆ ಕೊಟ್ಟ ಬೀಜ ಮೊಳೀಲಿಲ್ವಾ? ಬೇಜಾರು ಮಾಡ್ಕೋಬೇಡಿ, ಕೆಲವರ ಕೈಗೆ ಗಿಡ ಹತ್ತಲ್ಲ. ಹಾಂ, ಹೆಂಗೂ ಬಂದಿದೀರಲ್ಲ.” ಅವಳು ಒಳಗಿನಿಂದ ನೀಲಿ ಅಂಗಿಯೊಂದನ್ನು ತಂದು ಅವನ ತೋಳಿನ ಮೇಲೆ ಹರಡಿದಳು. “ನಾಳೆ ಡಾಕ್ಟರನ್ನ ಕಾಫಿಗೆ ಕರೆದಿದೀನಿ. ಸಂಜೆಯೊಳಗೆ ಸಿಗುತ್ತಾ?”

ನಾಳೆ ಸಿಗುತ್ತೆ ಎನ್ನಲೂ ಅವನಿಗೆ ಆಗಲಿಲ್ಲ.

ಬಾಗಿಲು ಮುಚ್ಚಿತು. ಗರಿಗರಿ ಅಂಗಿಯನ್ನು ಮುದುಡದಂತೆ ಹಿಡಿದು ಕಿಟಕಿಯ ಕೆಳಗೆ ನಿಂತೇ ಇದ್ದ. ಕವರಿನ ಒಳಮೈಯೆಲ್ಲ ಬೆವರಿ, ಸಸಿಗಳು ಹಸಿರು ಮಬ್ಬಿನ ಹಾಗೆ ಕಾಣುತ್ತಿದ್ದವು. ಒಳಗೆ ಅವಳು ಏನೋ ಗುನುಗುತ್ತ ಪಾತ್ರೆ ತೊಳೆಯುತ್ತಿದ್ದಳು. ನಿಂತು ನಿಂತು ತುಟಿಗೆ ಜೀವ ಬಂತು. ಅವನು ಹತ್ತಿ ಉಗಿದು, ಕಿಟಕಿಯತ್ತ ಮುಖವೆತ್ತಿ, ಒಂದಕ್ಷರವೂ ತೊದಲದೆ ಹೇಳಿದ:

“ಮೇಡಂ, ಮಧ್ಯಾಹ್ನ ಒಂದ್ಸಲ ಆ ಕವರು ಸ್ವಲ್ಪ ಎತ್ತಿಡಿ. ಅವಕ್ಕೆ ಗಾಳಿ ಬೇಕು.”