ಸಣ್ಣ ಮಕ್ಕಳು, ಸರಿಗಮ ಮತ್ತು ನನ್ನ ನಡ

ಸಂಗೀತ ಮಾಸ್ತರನಿಗೆ ಕಂಠವೊಂದಿದ್ದರೆ ಸಾಕು ಅನ್ನುವವರು ಐದು ವರ್ಷದ ಮಕ್ಕಳಿಗೆ ಹಾಡು ಕಲಿಸಿ ನೋಡಬೇಕು. ದಿನಕ್ಕೊಂದು ಅಂಗ ನೆನಪಾಗುತ್ತದೆ. ಮೂವತ್ತರ ದಶಕದಲ್ಲಿ ಹಳೇ ಹುಬ್ಬಳ್ಳಿಯ ಒಂದು ಶಿಶುವರ್ಗದಲ್ಲಿ ನನಗೆ ಆ ಕೆಲಸ ಸಿಕ್ಕಿತ್ತು. ಕಾಯಂ ಆಗಿರಲಿಲ್ಲ. ಇನ್‌ಸ್ಪೆಕ್ಟರ್ ಸಾಹೇಬರು ಬಂದು, ಮಕ್ಕಳ ಹಾಡು ಕೇಳಿ ಹೂಂ ಅಂದರೆ ಕಾಯಂ. ಇಲ್ಲದಿದ್ದರೆ ಮಾವನ ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುವುದು. ಮಾವ ಆಗಲೇ ತಕ್ಕಡಿ ಒರೆಸಿ ಇಟ್ಟಿದ್ದ.

ತೊಡೆ

ತಾಳವನ್ನು ತೊಡೆಯ ಮೇಲೆ ಹಾಕಬೇಕು ಎಂದು ಹೇಳಿಕೊಟ್ಟೆ. ಯಾರ ತೊಡೆ ಎಂದು ಹೇಳುವುದನ್ನು ಮರೆತೆ. ಮಕ್ಕಳು ತಮ್ಮ ತೊಡೆಗೆ ಒಂದೆರಡು ಪೆಟ್ಟು ಹಾಕಿಕೊಂಡು ನೋಡಿದವು, ಉರಿಯಿತು. ಆಮೇಲೆ ಎಲ್ಲವೂ ನನ್ನ ಕಡೆ ಸರಿದು ಬಂದವು.

"ಮಾಸ್ತರ್ರ, ನಿಮ್ಮ ತೊಡಿ ಭಾಳ ಛಲೋ ಸಪ್ಪಳ ಮಾಡತೈತ್ರಿ" ಎಂದು ಒಬ್ಬಳು ಮೆಚ್ಚಿಕೊಂಡಳು.

ಸಂಜೆ ಹೆಂಡತಿ ಎಣ್ಣೆ ತಿಕ್ಕುತ್ತ, "ಹಾಡು ಕಲಸಾಕ ಹೋಗಿದ್ರೋ, ಗರಡಿ ಮನಿಗೆ ಹೋಗಿದ್ರೋ?" ಅಂದಳು.

"ಹದಿನಾರು ಪೆಟ್ಟಿನ ತಾಳ ಅದು" ಅಂದೆ.

"ನಾಳಿಂದ ಸಣ್ಣ ತಾಳ ಕಲಸ್ರಿ."

ಹೊಟ್ಟೆ

ಸ್ವರ ಹೊಟ್ಟೆಯಿಂದ ಬರಬೇಕು ಎಂದು ನನ್ನ ಗುರುಗಳು ಹೇಳುತ್ತಿದ್ದರು. ಅದನ್ನೇ ಮಕ್ಕಳಿಗೂ ಹೇಳಿದೆ, ನನ್ನ ಬುದ್ಧಿಗೆ ಏನನ್ನಬೇಕೋ. ಐದಾರು ಮಕ್ಕಳು ನನ್ನ ಹೊಟ್ಟೆಗೆ ಕಿವಿ ಹಚ್ಚಿ ಕೂತವು. ಮುಂಜಾನೆ ಮಡಕಿ ಕಾಳಿನ ಪಲ್ಯ ಹಚ್ಚಿಕೊಂಡು ಮೂರು ರೊಟ್ಟಿ ತಿಂದಿದ್ದೆ. ಒಳಗೆ ಗುಡುಗುಡು ಶುರುವಾಯಿತು.

"ಬಂತ್ರಿ, ಬಂತು. ಲಗೂ ಬಾಯಿ ತಗೀರಿ" ಎಂದು ಒಬ್ಬ ಅವಸರ ಮಾಡಿದ.

ತೆಗೆದೆ. ದೊಡ್ಡ ತೇಗು ಬಂತು. ಬಾಗಿಲಲ್ಲಿ ದೊಡ್ಡ ಅಕ್ಕೋರು, ಅಂದರೆ ಸಾಲಿಯ ಮುಖ್ಯೋಪಾಧ್ಯಾಯಿನಿ, ನಿಂತಿದ್ದರು.

"ಇದು ಯಾವ ರಾಗರಿ ಮಾಸ್ತರ್ರ?"

ನಾನು ಬಾಯಿ ತೆರೆಯುವ ಮೊದಲೇ ಅವಸರ ಮಾಡಿದ ಹುಡುಗನೇ ಹೇಳಿದ: "ರಾಗ ಇನ್ನೂ ಬಂದಿಲ್ರಿ ಅಕ್ಕೋರ. ಬರೇ ಗಾಳಿ ಬಂತು."

ನಡ

ಅಲ್ಲಿಯ ಸ್ಟೂಲುಗಳೆಲ್ಲ ಮಕ್ಕಳ ಅಳತೆಯವು, ಗೇಣೆತ್ತರ. ಅದರ ಮೇಲೆ ಕಾಲು ಮಡಚಿ ಕೂತು, ಬಾಗಿ ಹಾರ್ಮೋನಿಯಂ ಪೇಟಿ ಬಾರಿಸಬೇಕು. ಪ್ರತಿ ಸಲ ಕೂಡುವಾಗ ಎರಡೂ ಕೈಯಿಂದ ಸೊಂಟ ಹಿಡಿದು "ಯಪ್ಪಾ, ನಡಾ" ಅನ್ನುತ್ತಿದ್ದೆ. ಆಮೇಲೆ ಸಾ ಹಿಡಿಯುತ್ತಿದ್ದೆ. ಆರು ತಿಂಗಳು ಹೀಗೇ ನಡೆಯಿತು.

ಸಾಹೇಬರು ಬರುವ ಹಿಂದಿನ ದಿನ ಅಕ್ಕೋರು ಕರೆದು, "ನಾಳೆ ಅವರ ಮುಂದ ನರಳಬ್ಯಾಡ್ರಿ. ಮುದುಕರನ್ನ ಇಟ್ಕೊಂಡೀವಿ ಅಂದಾರು" ಅಂದರು. ನನಗಾಗ ಮೂವತ್ತೊಂದು.

ಮರುದಿನ ಹಲ್ಲು ಕಚ್ಚಿ, ತುಟಿ ಪಿಟ್ಟೆನ್ನದೆ ಕೂತೆ. ಸಾಹೇಬರು ಭಾರೀ ಆಳು. ಎದುರಿನ ಸ್ಟೂಲಿನ ಮೇಲೆ ಕೂತರೆ ಸ್ಟೂಲು ಕಾಣಲಿಲ್ಲ. ನಾನು ಸಾ ಬಾರಿಸಿದೆ. ನಲವತ್ತು ಮಕ್ಕಳು ಸುಮ್ಮನೆ ಕೂತವು. ಮತ್ತೆ ಬಾರಿಸಿದೆ. ಕಣ್ಣಿಂದ ಸನ್ನೆ ಮಾಡಿದೆ. ಊಹೂಂ.

"ಯಾಕವ್ವಾ, ಹಾಡ್ರಿ" ಎಂದು ಮುಂದೆ ಕೂತವಳಿಗೆ ಪಿಸುಗುಟ್ಟಿದೆ.

"ನೀವ ಇನ್ನೂ ಸುರು ಮಾಡಿಲ್ರಿ" ಅಂದಳು.

ನನಗೆ ತಲೆಬುಡ ತಿಳಿಯಲಿಲ್ಲ. ಮೂಗಿಗೆ ಆಗಲೇ ಬೆಲ್ಲದ ವಾಸನೆ ಬರತೊಡಗಿತ್ತು. ಸಾಹೇಬರು ಕೈಯಲ್ಲಿದ್ದ ತಪಾಸಣೆ ವಹಿ ಮುಚ್ಚಿದರು. "ಇರಲಿ ಬಿಡ್ರಿ. ಏನೂ ಕಲಿತಂಗ ಕಾಣೂದಿಲ್ಲ" ಎಂದು ಏಳಲು ಹೋದರು. ಸ್ಟೂಲು ಬಿಡಲಿಲ್ಲ. ಎರಡೂ ಕೈಯಿಂದ ನಡ ಹಿಡಿದು, "ಯಪ್ಪಾ, ನಡಾ" ಅಂದರು.

ನಲವತ್ತೂ ಮಕ್ಕಳು ನಡ ಹಿಡಿದು, "ಯಪ್ಪಾ, ನಡಾ" ಎಂದು ಒಂದೇ ದನಿಯಲ್ಲಿ ನರಳಿ, ಸಾ ಎತ್ತಿಕೊಂಡವು. ಹಾಡು ಪೂರ್ತಿ ಹಾಡಿದವು. ಒಂದು ಸ್ವರ ತಪ್ಪಲಿಲ್ಲ, ಒಂದು ಪೆಟ್ಟು ಆಚೀಚೆ ಆಗಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು. ಸಾಹೇಬರು ಅರ್ಧ ಎದ್ದವರು ಹಾಗೇ ಬಾಗಿ ನಿಂತು ಕೇಳಿದರು.

ವಹಿಯಲ್ಲಿ ಕಾಯಂ ಎಂದು ಬರೆಯುತ್ತ ಕೇಳಿದರು: "ಹಾಡು ಛಲೋ ಅದ, ಮಾಸ್ತರ್ರ. ಆದ್ರ ಅದರ ಮೊದಲನೇ ಸಾಲು ನನಗೂ ಬರತದ ಅಂತ ಈ ಮಕ್ಕಳಿಗೆ ಯಾರು ಹೇಳಿದ್ರು?"