ಹದಿನೇಳನೇ ಬ್ಯಾಚಿನ ಉಡುಗೊರೆ

"ಹೊಗೆ ಎಲ್ಲಿ ಹೋಯ್ತು?"

ಬೆಳಗಿನ ಎಂಟೂಮುಕ್ಕಾಲಕ್ಕೆ, ತನ್ನ ಕಾರಿನ ಹಿಂದೆ ಮಂಡಿಯೂರಿ ಕೂತು, ಸೈಲೆನ್ಸರಿನ ಬಾಯಿಗೆ ಮೂಗು ಕೊಟ್ಟು ಹೊಗೆರಾಯ ಕೇಳಿದ. ಕೇಳಿಸಿಕೊಳ್ಳಲು ಸುತ್ತಮುತ್ತ ಯಾರೂ ಇರಲಿಲ್ಲ. ಸೈಲೆನ್ಸರಂತೂ ಉತ್ತರ ಕೊಡುವ ಮನಸ್ಸಿನಲ್ಲಿರಲಿಲ್ಲ. ಅದು ಮೌನವ್ರತ ಹಿಡಿದವರಂತೆ ಮೆಲ್ಲಗೆ, ಸಣ್ಣಗೆ ಉಸಿರಾಡುತ್ತಿತ್ತು. ಆ ಉಸಿರಿನಲ್ಲಿ ಕಳಿತ ಬಾಳೆಹಣ್ಣಿನ ವಾಸನೆ ಬೇರೆ.

ಹೊಗೆರಾಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಓಣಿಯವರು ಇಟ್ಟದ್ದು. ಇಪ್ಪತ್ತೆರಡು ವರ್ಷದ ಆ ಡೀಸೆಲ್ ಕಾರು ದಿನಾ ಬೆಳಿಗ್ಗೆ ನಾಲ್ಕು ಸಲ ಕೆಮ್ಮಿ, ಒಂದು ಸಲ ಸೀನಿ, ಕರಿ ಹೊಗೆಯನ್ನು ಕಂಬಳಿಯಂತೆ ಬಿಚ್ಚಿ ಓಣಿಯುದ್ದಕ್ಕೂ ಹಾಸಿ ಹೊರಡುತ್ತಿತ್ತು. ತಂತಿಯ ಮೇಲಿನ ಬಿಳಿ ಬಟ್ಟೆಗಳು ಅರ್ಧ ಗಂಟೆಯಲ್ಲಿ ಮುಪ್ಪಾಗುತ್ತಿದ್ದವು. ಇಷ್ಟಾಗಿ ಹೊಗೆರಾಯ ಕೆಲಸ ಮಾಡುತ್ತಿದ್ದುದು ಇಂಜಿನ್ನಿನ ಹೊಗೆ ಇಳಿಸುವ ಎಣ್ಣೆಯ ಕಾರ್ಖಾನೆಯಲ್ಲಿ. ಕಾಳಿನ ಎಣ್ಣೆಯಿಂದ ತೆಗೆದ ಆಮ್ಲವನ್ನೂ ಆಲ್ಕೋಹಾಲನ್ನೂ ಕೂಡಿಸಿ ಕುದಿಸಿ ಅಲ್ಲಿ ಎಸ್ಟರ್ ಎಂಬ ನುಣುಪು ದ್ರವ ತಯಾರಿಸುತ್ತಿದ್ದರು. ಅದು ಲೋಹಕ್ಕೆ ಅಪ್ಪಿಕೊಂಡು ಸವೆತ ತಡೆಯುತ್ತದೆ, ಹಳೆಯ ಮಸಿಯನ್ನು ಕರಗಿಸುತ್ತದೆ. ಅಲ್ಲಿನ ಪ್ರಯೋಗಾಲಯದಲ್ಲಿ ಬಾಟಲಿ ತೊಳೆದು ಚೀಟಿ ಅಂಟಿಸುವುದು ಅವನ ಕೆಲಸ. ಹಂಗಾಮಿ ಕೆಲಸ. ಆರು ವರ್ಷದಿಂದ ಹಂಗಾಮಿ.

ಕೊನೆಗೂ ಅವನಿಗೆ ದಾರಿ ತೋರಿಸಿದ್ದು ಅದೇ ಹೊಗೆ. ದೊಡ್ಡ ಬಸ್ ಕಂಪನಿಯೊಂದು ಎಣ್ಣೆ ಕೊಳ್ಳುವ ಮೊದಲು ಕಣ್ಣಾರೆ ಪರೀಕ್ಷೆ ನೋಡಬೇಕು ಎಂದಿತ್ತು. ಮ್ಯಾನೇಜರು ಹೊಗೆರಾಯನನ್ನು ಕರೆದು, "ಹುಡುಕಿದ್ರೂ ನಿನ್ನ ಕಾರಿನಂಥ ಗಲೀಜು ಇಂಜಿನ್ ಸಿಗಲ್ಲ ಕಣಯ್ಯ. ಒಂದು ತಿಂಗಳು ಅದಕ್ಕೆ ಏನೂ ಮಾಡ್ಬೇಡ. ಮೊದಲು ಹೊಗೆ ಅಳೀತೀವಿ, ನಮ್ಮ ಹೊಸ ಎಣ್ಣೆ ಹಾಕ್ತೀವಿ, ಒಂದು ಗಂಟೆ ಓಡಿಸಿ ಮತ್ತೆ ಅಳೀತೀವಿ. ಅರ್ಧಕ್ಕೆ ಇಳೀತೋ, ನೀನು ಪರ್ಮನೆಂಟು," ಎಂದಿದ್ದರು.

ಆ ಪರೀಕ್ಷೆ ಇವತ್ತು ಮಧ್ಯಾಹ್ನ ಮೂರಕ್ಕೆ. ಇವತ್ತೇ ಕಾರು ಸಭ್ಯವಾಗಿಬಿಟ್ಟಿತ್ತು.

ಮಹಡಿಯ ಕಿಟಕಿ ಧಡಕ್ಕೆಂದು ತೆರೆಯಿತು. ಒಂಟಿಯಾಗಿರುವ ಮಹಡಿ ಅಜ್ಜಿ ಕತ್ತು ಹೊರಹಾಕಿದಳು. "ಏನೋ, ಇವತ್ತು ಕೆಲಸಕ್ಕೆ ಹೋಗಲ್ವಾ?"

"ಹೊರಟಿದೀನಿ ಅಜ್ಜಿ. ಇಂಜಿನ್ ಶುರು ಮಾಡಿ ಹತ್ತು ನಿಮಿಷ ಆಯ್ತು."

"ಮತ್ತೆ ಕೆಮ್ಮೇ ಇಲ್ಲ! ನಿನ್ನ ಕಾರು ಕೆಮ್ಮಿದಾಗಲ್ವೇನೋ ನಾನು ಬಿ.ಪಿ. ಮಾತ್ರೆ ನುಂಗೋದು? ಗಡಿಯಾರದ ಮುಳ್ಳು ನನ್ನ ಕಣ್ಣಿಗೆ ಕಾಣಲ್ಲ ಅಂತ ನಿನಗೆ ಗೊತ್ತಿಲ್ವಾ?"

"ಈಗ ನುಂಗಿ ಅಜ್ಜಿ."

"ಕೆಮ್ಮು ಕೇಳ್ದೆ ಹೇಗೋ ನುಂಗೋದು?" ಎಂದು ಕಿಟಕಿ ಮುಚ್ಚಿಕೊಂಡಳು.

ಹೊಗೆರಾಯ ಮತ್ತೊಮ್ಮೆ ಸೈಲೆನ್ಸರ್ ಮೂಸಿದ. ಬಾಳೆಹಣ್ಣು. ಸಂಶಯವೇ ಇಲ್ಲ. ಆ ವಾಸನೆ ಈ ಜಗತ್ತಿನಲ್ಲಿ ಒಂದೇ ಒಂದು ಎಣ್ಣೆಗಿತ್ತು: ಹದಿನೇಳನೇ ಬ್ಯಾಚು.

ಆರು ವರ್ಷದ ಹಿಂದೆ, ಅವನು ಕೆಲಸಕ್ಕೆ ಸೇರಿದ ವಾರವೇ, ಮ್ಯಾನೇಜರು ಆ ಬ್ಯಾಚಿನ ಮುಚ್ಚಳ ತೆಗೆದು ಮೂಗು ಮುಚ್ಚಿಕೊಂಡಿದ್ದರು. "ಇಂಜಿನ್ನಿಗೆ ಹಾಕೋದೋ ಫಲಾಹಾರ ಮಾಡೋದೋ? ಡ್ರೈವರುಗಳಿಗೆ ಹಸಿವಾಗುತ್ತೆ. ಎಲ್ಲಾ ಚರಂಡಿಗೆ ಸುರಿ." ಸುರಿಯಲು ಹೊಗೆರಾಯನಿಗೆ ಮನಸ್ಸು ಬರಲಿಲ್ಲ. ನಾಲ್ಕು ಬಾಟಲಿ ಉಳಿಸಿಕೊಂಡು, ಕಂಪನಿಯ ಚೀಟಿ ಕಿತ್ತು, 'ಶುಭಾಶಯಗಳು' ಎಂದು ಬಣ್ಣದ ಚೀಟಿ ಅಂಟಿಸಿ, ಕೆಳಗೆ ಸಣ್ಣಕ್ಷರದಲ್ಲಿ ಬಳಸುವ ವಿಧಾನವನ್ನೂ ಬರೆದು, ಓಣಿಯವರಿಗೂ ಮನೆಯವರಿಗೂ ಒಂದೊಂದಾಗಿ ಉಡುಗೊರೆ ಕೊಟ್ಟಿದ್ದ. ಹೆಡ್‌ಮೇಷ್ಟ್ರು ನಿವೃತ್ತರಾದ ದಿನ ಒಂದು. ಟೈಲರಮ್ಮ ಅಂಗಡಿ ತೆರೆದ ದಿನ ಒಂದು. ಅಜ್ಜಿಗೆ ಎಂಬತ್ತು ತುಂಬಿದ ದಿನ ಒಂದು. ಮದುವೆಯಾಗಿ ಹತ್ತು ವರ್ಷವಾದ ದಿನ ಹೆಂಡತಿಗೆ ಒಂದು. ಆ ದಿನದಿಂದ ಹೆಂಡತಿ ಉಡುಗೊರೆ ಎಂಬ ಪದ ಕೇಳಿದರೆ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದಳು.

ಆ ಹೆಂಡತಿ ಈಗ ನಗುತ್ತಾ ಹೊರಗೆ ಬಂದಳು. ಹಿಂದೆಯೇ ಎದುರು ಮನೆಯ ಹೆಡ್‌ಮೇಷ್ಟ್ರು. ಅವರ ಹಿಂದೆ, ಕತ್ತಿಗೆ ಟೇಪು ಹಾಕಿಕೊಂಡ ಟೈಲರಮ್ಮ.

"ಹೇಗಿದೆ?" ಎಂದರು ಹೆಡ್‌ಮೇಷ್ಟ್ರು, ಉತ್ತರ ಪತ್ರಿಕೆ ಕೈಗೆ ಕೊಟ್ಟವರಂತೆ.

"ನಿನ್ನೆ ರಜೆ ದಿನಾನೂ ನೀವು ಪರೀಕ್ಷೆ ತಯಾರಿಗೆ ಅಂತ ಕಾರ್ಖಾನೆ ವ್ಯಾನಲ್ಲಿ ಹೋದ್ರಲ್ಲ, ಆಗ ಮಾಡಿದ್ವಿ," ಎಂದಳು ಹೆಂಡತಿ. "ನಾಳೆ ನನ್ನ ಕಾರಿನ ಹೊಗೆ ಅಳೀತಾರೆ, ಅದರ ಮೇಲೆ ನನ್ನ ಕೆಲಸ ನಿಂತಿದೆ ಅಂತ ನೀವೇ ಹೇಳಿದ್ರಲ್ಲ. ಮೂರೂ ಜನ ನಮ್ಮ ನಮ್ಮ ಬಾಟಲಿ ಟ್ಯಾಂಕಿಗೆ ಸುರಿದ್ವಿ."

"ಪೂರ್ತಿನಾ?"

"ಕೊನೇ ಹನಿವರೆಗೂ," ಎಂದಳು ಟೈಲರಮ್ಮ. "ನಿಮಗಿಂತ ಬಾಟಲಿ ಹೆಚ್ಚಾ?"

"ವಿಧಾನದಲ್ಲಿ 'ಸುರಿದು ಐವತ್ತು ಕಿಲೋಮೀಟರ್ ಓಡಿಸಿ' ಅಂತಿತ್ತು. ನಾನು ಐವತ್ತೊಂದು ಓಡಿಸ್ದೆ," ಎಂದರು ಹೆಡ್‌ಮೇಷ್ಟ್ರು. "ಒಂದು ಕೃಪಾಂಕ."

ಹೊಗೆರಾಯ ಬೈಯಲು ಬಾಯಿ ತೆರೆದ. ಹೊಗೆ ಕಡಿಮೆಯಿರಬೇಕೆಂದು ತಾನು ಹೇಳಿರಲಿಲ್ಲ ನಿಜ, ಹೆಚ್ಚಿರಬೇಕೆಂದೂ ಹೇಳಿರಲಿಲ್ಲ. ಕೆಲಸ ಹೊಗೆಯ ಮೇಲೆ ನಿಂತಿದೆ ಎಂದರೆ ಬುದ್ಧಿಯಿರುವ ಯಾರಾದರೂ ಏನು ತಿಳಿಯುತ್ತಾರೋ ಇವರೂ ಅದನ್ನೇ ತಿಳಿದಿದ್ದರು. "ಥ್ಯಾಂಕ್ಸ್," ಎಂದು ಕಾರು ಹತ್ತಿದ. ಮೂವರೂ ಕೈಬೀಸಿದರು. ಕಾರು ಸದ್ದಿಲ್ಲದೆ ಜಾರಿಕೊಂಡು ಹೋಯಿತು.

ನೇರ ಹೋಗಿದ್ದು ಮೂಲೆಯ ಗ್ಯಾರೇಜಿಗೆ.

"ಹೊಗೆ ಬರ್ಬೇಕು," ಎಂದ ಮೆಕ್ಯಾನಿಕ್ಕಿಗೆ.

"ನಿಲ್ಲಿಸ್ತೀನಿ ಬಿಡಣ್ಣ."

"ನಿಲ್ಲಿಸೋದಲ್ಲ ಮಾರಾಯ, ಬರಿಸ್ಬೇಕು! ಕಪ್ಪಗೆ, ದಪ್ಪಗೆ. ಮೂರು ಗಂಟೆ ಒಳಗೆ."

ಮೆಕ್ಯಾನಿಕ್ಕು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. "ಅಣ್ಣಾ, ಮೂವತ್ತು ವರ್ಷದಿಂದ ಕಾಯಿಲೆ ವಾಸಿ ಮಾಡ್ಕೊಂಡು ಬಂದಿರೋ ಕೈ ಇದು. ಇಂಜಿನ್ ನೋಡಿದೀಯಾ? ಒಳಗೆ ಮುಖ ನೋಡ್ಕೊಂಡು ಗಡ್ಡ ಕೆರೀಬಹುದು. ಇದನ್ನ ಕೆಡ್ಸು ಅಂತೀಯಲ್ಲ, ಹೊಟ್ಟೆಗೆ ಅನ್ನ ತಿಂತೀಯಾ?"

ಹೊಗೆರಾಯ ಆರು ವರ್ಷದ ಹಂಗಾಮಿ ಕತೆಯನ್ನು ಒಂದೇ ಉಸಿರಿನಲ್ಲಿ ಹೇಳಿದ. ಮೆಕ್ಯಾನಿಕ್ಕು ಕರಗಿದ. ಲಾರಿಯಿಂದ ಇಳಿಸಿದ್ದ ಟಾರಿನಂಥ ಹಳೆ ಎಣ್ಣೆಯನ್ನು ಇಂಜಿನ್ನಿಗೆ ತುಂಬಿದರು. ಇಂಜಿನ್ನು ಅದನ್ನು ತುಪ್ಪದಂತೆ ಜೀರ್ಣಿಸಿಕೊಂಡಿತು. ವರ್ಷಗಟ್ಟಲೆ ಡಬ್ಬಿಯಲ್ಲಿ ಕೊಳೆತ ಡೀಸೆಲ್ ಸುರಿದರು. ಸೈಲೆನ್ಸರಿನಿಂದ ಬಾಳೆಹಣ್ಣಿನ ಘಮ ಇನ್ನಷ್ಟು ಬಂತು. ಗಡಿಯಾರದಲ್ಲಿ ಎರಡಾಯಿತು.

"ಇನ್ನೊಂದೇ ದಾರಿ," ಎಂದ ಮೆಕ್ಯಾನಿಕ್ಕು ಕಣ್ಣು ತಪ್ಪಿಸಿ. "ಗಾಳಿ ಎಳೆಯೋ ಡಬ್ಬಿಗೆ ಬಟ್ಟೆ ತುರುಕೋದು. ಉಸಿರು ಕಟ್ಟಿದ್ರೆ ಯಾರಾದ್ರೂ ಕಪ್ಪಗಾಗ್ತಾರೆ."

ಗ್ಯಾರೇಜಿನ ಚಿಂದಿಗಳೆಲ್ಲ ಚಿಕ್ಕವು. ಹೊಗೆರಾಯ ಹಿಂದಿನ ಸೀಟಿನ ಕವರನ್ನು ಬಿಚ್ಚಿದ. ಹಳದಿ ಬಟ್ಟೆಗೆ ದೊಡ್ಡ ದೊಡ್ಡ ಕೆಂಪು ಹೂವು. ಟೈಲರಮ್ಮ ಅಕ್ಕರೆಯಿಂದ ಹೊಲಿದುಕೊಟ್ಟದ್ದು. ಅದನ್ನು ಮಡಚಿ ಒಳಗೆ ತುರುಕಿದ್ದೇ ತಡ, ಕಾರು ನಾಲ್ಕು ಸಲ ಕೆಮ್ಮಿತು, ಒಂದು ಸಲ ಸೀನಿತು. ಗ್ಯಾರೇಜು ಕತ್ತಲಾಯಿತು. ಕತ್ತಲೊಳಗಿಂದ ಮೆಕ್ಯಾನಿಕ್ಕಿನ ದನಿ: "ಎರಡನೇ ಸಲ ಅಳೆಯೋಕೆ ಮುಂಚೆ ಮರೀದೆ ತೆಗಿ ಅಣ್ಣಾ!"

ಕಾರ್ಖಾನೆಯ ಅಂಗಳದಲ್ಲಿ ಬಸ್ ಕಂಪನಿಯ ಇನ್‌ಸ್ಪೆಕ್ಟರಮ್ಮ ಕಾದಿದ್ದರು. ಕನ್ನಡಕದ ಮೇಲಿನಿಂದ ನೋಡುವವರು. ನಕ್ಕರೆ ರಸೀದಿ ಕೊಡಬೇಕಾದೀತು ಎಂಬಂತಿದ್ದರು. ಮೀಟರಿನ ಕೊಳವೆ ಸೈಲೆನ್ಸರಿಗೆ ಸಿಕ್ಕಿಸಿದರು. ಎಂಬತ್ತೆರಡು.

"ನೂರಕ್ಕೆ ಎಂಬತ್ತೆರಡು! ಇದು ಕಾರಲ್ಲ, ಒಲೆ," ಎಂದರು ಇನ್‌ಸ್ಪೆಕ್ಟರಮ್ಮ. ಮ್ಯಾನೇಜರು ಹೊಗೆರಾಯನ ಬೆನ್ನು ತಟ್ಟಿದರು. ಹಳೇ ಎಣ್ಣೆ ಇಳಿಸಿ, ಹೊಳೆಯುವ ಹೊಸ ಎಸ್ಟರ್ ಎಣ್ಣೆ ತುಂಬಿ, ಟ್ಯಾಂಕಿಗೂ ಅದೇ ಎಸ್ಟರಿನ ಹೊಸ ದ್ರಾವಣ ಸುರಿದದ್ದಾಯಿತು. ಓಡಿಸುವಾಗ ನಡುವೆ ಎಲ್ಲಾದರೂ ಮರೆಯಲ್ಲಿ ನಿಲ್ಲಿಸಿ ಬಟ್ಟೆ ಕಿತ್ತರಾಯಿತು ಎಂದುಕೊಳ್ಳುತ್ತಾ ಹೊಗೆರಾಯ ಬಾನೆಟ್ ಮುಚ್ಚಿದ.

"ಒಂದು ನಿಮಿಷ." ಇನ್‌ಸ್ಪೆಕ್ಟರಮ್ಮ ಚೀಲದಿಂದ ಕಾಗದದ ಪಟ್ಟಿ ತೆಗೆದು ಬಾನೆಟ್ಟಿನ ಅಂಚಿಗೆ ಅಂಟಿಸಿ, ಅದರ ಮೇಲೆ ರುಜು ಹಾಕಿದರು. "ಎರಡನೇ ಅಳತೆ ಮುಗಿಯೋವರೆಗೆ ಇದನ್ನ ಯಾರೂ ತೆಗಿಯೋ ಹಾಗಿಲ್ಲ. ನಾನೂ ಕಾರಲ್ಲೇ ಬರ್ತೀನಿ."

ಒಂದು ಗಂಟೆ ಕಾಲ ಹೊಗೆರಾಯ ಅಂಗಳದ ಸುತ್ತ ಗಾಣದ ಎತ್ತಿನಂತೆ ತಿರುಗಿದ. ಕವರಿಲ್ಲದ ಸೀಟಿನ ಸ್ಪ್ರಿಂಗು ಚುಚ್ಚಿದಾಗಲೆಲ್ಲ ಹಿಂದಿನಿಂದ ಇನ್‌ಸ್ಪೆಕ್ಟರಮ್ಮ "ಹ್ಞಾ!" ಎನ್ನುತ್ತಿದ್ದರು. ಕಾರಿನ ಹಿಂದೆ ಕಂಬಳಿ ಬಿಚ್ಚಿಕೊಳ್ಳುತ್ತಲೇ ಇತ್ತು.

ಎರಡನೇ ಅಳತೆ: ಎಂಬತ್ತೆರಡು.

ಮ್ಯಾನೇಜರ ಮುಖ, ನಡುಸಭೆಯಲ್ಲಿ ಪದ್ಯದ ಮುಂದಿನ ಸಾಲು ಮರೆತವರಂತಾಯಿತು. ಇನ್‌ಸ್ಪೆಕ್ಟರಮ್ಮ ಪೆನ್ನಿನ ಕ್ಯಾಪು ಹಾಕಿದರು. "ನಿಮ್ಮ ಎಣ್ಣೆಯಿಂದ ಏನೂ ಆಗಿಲ್ಲ. ಬರ್ತೀನಿ."

"ಅಮ್ಮಾ, ಕಾರು ಚೆನ್ನಾಗೇ ಇದೆ!" ಹೊಗೆರಾಯನ ಬಾಯಿಂದ ತಾನಾಗಿ ಬಂತು. "ಒಳಗೆ ಬಟ್ಟೆ ಇದೆ!"

ಇನ್‌ಸ್ಪೆಕ್ಟರಮ್ಮ ತಮ್ಮ ರುಜುವನ್ನು ತಾವೇ ಹರಿದು, ಬಾನೆಟ್ ಎತ್ತಿ, ಡಬ್ಬಿಯಿಂದ ಬಟ್ಟೆಯ ತುದಿ ಹಿಡಿದು ಎಳೆದರು. ಒಂದು ಹೂವು ಬಂತು, ಇನ್ನೊಂದು ಬಂತು, ಜಾದೂಗಾರನ ಟೋಪಿಯಿಂದ ಬಂದಂತೆ ಬರುತ್ತಲೇ ಇದ್ದವು. ಪೂರ್ತಿ ಬಂದ ಮೇಲೆ ಮತ್ತೆ ಅಳೆದರು. ಆರು.

"ಆರಾ?" ಮೀಟರು ತಟ್ಟಿ ನೋಡಿದರು. "ಯಾವಾಗಿಂದ ಹೀಗಿದೆ?"

"ಬೆಳಿಗ್ಗೆಯಿಂದ. ನಿಮ್ಮ ಎದುರಿಗೆ ಹಾಕಿದ ಎಣ್ಣೆಗೆ ಮುಂಚೆಯೇ."

"ಮತ್ತೆ ಇಷ್ಟು ಹಳೇ ಇಂಜಿನ್ನನ್ನ ಒಂದೇ ದಿನದಲ್ಲಿ ತೊಳೆದದ್ದು ಯಾವುದು?" ಇನ್‌ಸ್ಪೆಕ್ಟರಮ್ಮ ಬಗ್ಗಿ ಸೈಲೆನ್ಸರ್ ಮೂಸಿದರು. "ಇದೇನು, ಬಾಳೆಹಣ್ಣು?"

ಮ್ಯಾನೇಜರೂ ಬಗ್ಗಿ ಮೂಸಿದರು. ನಿಧಾನವಾಗಿ ನೆಟ್ಟಗಾದರು. "ಹದಿನೇಳು," ಎಂದರು. ಹೊಗೆರಾಯ ನೆಲ ನೋಡಿದ.

"ಹದಿನೇಳೋ ಹದಿನೆಂಟೋ, ನನಗೆ ಬೇಕಾಗಿರೋದು ಅದು," ಎಂದರು ಇನ್‌ಸ್ಪೆಕ್ಟರಮ್ಮ. "ಸಂಜೆ ಆರರವರೆಗೆ ಇಲ್ಲೇ ಇರ್ತೀನಿ. ನಮ್ಮ ಪ್ರಯೋಗಾಲಯಕ್ಕೆ ಸ್ವಲ್ಪ ಕೊಡಿ, ಸಹಿ ಹಾಕ್ತೀನಿ."

ಮ್ಯಾನೇಜರು ಹೊಗೆರಾಯನನ್ನು ಗೋಡೆಯ ಮರೆಗೆ ಎಳೆದೊಯ್ದರು. "ಅದನ್ನ ಕುದಿಸಿದ ಕೆಮಿಸ್ಟು ಬಿಟ್ಟುಹೋಗಿ ಐದು ವರ್ಷ ಆಯ್ತು. ಅಳತೆ ಬರೆದಿದ್ದ ಪುಸ್ತಕ ನಾನೇ ಎಸೆದೆ. ಟ್ಯಾಂಕಲ್ಲಿರೋದು ಕೊಳೆ ಡೀಸೆಲ್ಲು, ಹೊಸ ದ್ರಾವಣ ಎಲ್ಲಾ ಬೆರೆತು ಕಲಗಚ್ಚು. ಶುದ್ಧ ಎಣ್ಣೆ ಒಂದು ಚಮಚ ಸಿಕ್ಕಿದ್ರೂ ಬಿಡಿಸಿ ನೋಡಿ ಮತ್ತೆ ತಯಾರಿಸ್ಬಹುದು. ತಂದ್ಯೋ, ನಾಳೆಯಿಂದ ಪರ್ಮನೆಂಟು. ತರಲಿಲ್ವೋ, ಚರಂಡಿಗೆ ಸುರಿ ಅಂದದ್ದನ್ನ ಮನೆಗೆ ಸಾಗಿಸಿದವನಿಗೆ ನಾಳೆ ಇಲ್ಲಿ ಕೆಲಸ ಇಲ್ಲ."

ನಾಲ್ಕು ಬಾಟಲಿ. ಮೂರು ಖಾಲಿ. ಲೆಕ್ಕ ಕಷ್ಟದ್ದಲ್ಲ.

ಐದೂವರೆಗೆ ಹೊಗೆರಾಯ ಮಹಡಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಅಜ್ಜಿಯ ಬಾಗಿಲು ಬಡಿದ. ಕನ್ನಡಿಯ ಪಕ್ಕದ ಗೂಡಿನಲ್ಲಿ, ಕ್ರೋಶೆ ಹೆಣೆದ ಪುಟ್ಟ ಬಟ್ಟೆಯ ಮೇಲೆ ಬಾಟಲಿ ನಿಂತಿತ್ತು. ಚೀಟಿಯ ಬಣ್ಣ ಕೂಡ ಮಾಸಿರಲಿಲ್ಲ. ಧೂಳಿನ ಒಂದು ಕಣವಿರಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು.

"ಅವರು ಮೂವರೂ ನಿನ್ನೆ ಬಂದಿದ್ರು, ನಿನ್ನ ಬಾಟಲೀನೂ ಕೊಡು ಅಂತ," ಎಂದಳು ಅಜ್ಜಿ. "ಹೋಗ್ರೋ ಅಂದೆ."

"ಒಳ್ಳೇದು ಮಾಡಿದ್ರಿ! ನನ್ನ ಜೀವ ಉಳಿಸಿದ್ರಿ! ಈಗ ಅದನ್ನ ನನಗೆ ಕೊಡಿ ಅಜ್ಜಿ. ನನ್ನ ಕೆಲಸ ಪೂರ್ತಿ ಅದರ ಮೇಲೆ ನಿಂತಿದೆ."

ಅಜ್ಜಿ ಎದ್ದು ಬಾಟಲಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಎದೆಗಾನಿಸಿಕೊಂಡಳು. "ಎಂಬತ್ತು ತುಂಬಿದ ದಿನ ನನ್ನ ಸ್ವಂತ ತಮ್ಮಂಗೂ ನೆನಪಿರ್ಲಿಲ್ಲ. ನೀನೊಬ್ಬ ಬಂದೆ. ಅತ್ತರು ತಂದೆ. ದಿನಾ ಒಂದ್ಸಲ ಮುಚ್ಚಳ ತೆಗೆದು ಮೂಸ್ತೀನಿ ಕಣೋ, ಒಂದು ಹನಿ ಖರ್ಚು ಮಾಡಿಲ್ಲ."

"ಅತ್ತರಲ್ಲ ಅಜ್ಜಿ, ಇಂಜಿನ್ ಎಣ್ಣೆ! ನಿಜ ಹೇಳ್ತೀನಿ, ಚರಂಡಿಗೆ ಚೆಲ್ಲು ಅಂತ ಕೊಟ್ಟಿದ್ದ ಮಾಲು ಅದು. ಬೇರೆ ಏನೂ ಕೈಯಲ್ಲಿರ್ಲಿಲ್ಲ ಅಂತ ನಿಮಗೆ ತಂದುಕೊಟ್ಟೆ."

ಅಜ್ಜಿ ಅವನ ಕೆನ್ನೆ ಸವರಿದಳು. "ಸುಳ್ಳು ಹೇಳ್ಬೇಡ. ನೀನು ಅಂಥವನಲ್ಲ."

"ಅಜ್ಜೀ, ಒಂದು ಚಮಚ ಸಾಕು!"

"ಒಂದು ಚಮಚ ಕೊಟ್ರೆ ನಾಳೆ ಊರ ಕಾರುಗಳಿಗೆಲ್ಲ ಹುಯ್ತೀರಿ. ಒಂದು ಕಾರು ಸುಮ್ಮನಾಗಿದ್ದಕ್ಕೇ ಇವತ್ತು ನನ್ನ ಮಾತ್ರೆ ತಪ್ಪಿತು." ಅವಳು ಬಾಟಲಿಯನ್ನು ಸೆರಗಿನೊಳಗೆ ಸೇರಿಸಿಕೊಂಡು, ಮೇಲೆ ಎರಡೂ ಕೈ ಮುಚ್ಚಿಕೊಂಡಳು. "ಬೇರೆ ಏನು ಬೇಕಾದ್ರೂ ಕೇಳು. ಇದನ್ನ ಕೊಡಲ್ಲ."