ಅವ್ವನ ಹಳೇ ಸೀರೆ ಮತ್ತು ಗುಪ್ತ ಮತದಾನ

ನನಗಿರುವ ರೋಗಗಳಲ್ಲಿ ದೊಡ್ಡದು ಜಾಣತನ. ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತ ಕೈಕೊಟ್ಟಿದ್ದರೂ ಇಡೀ ಸಿಂದಗಿ ತಾಲೂಕಿನಲ್ಲಿ ನನ್ನಷ್ಟು ಲೆಕ್ಕ ಬಲ್ಲವನಿಲ್ಲ ಎಂದು ನಂಬಿದ್ದೆ. ನಂಬದವರಿಗೆ ಹೇಳಿಯೂ ಇದ್ದೆ. ತಾಲೂಕು ಬೋರ್ಡ್ ಚುನಾವಣೆಗೆ ಸಾಲಿ ಮಾಸ್ತರರಾದ ನಮ್ಮಪ್ಪನನ್ನು ನಮ್ಮೂರ ಮತಗಟ್ಟೆಯ ಅಧಿಕಾರಿ ಮಾಡಿದಾಗ ಸರ್ಕಾರಕ್ಕೆ ನನ್ನ ಅಗತ್ಯ ಬಿತ್ತು. ಸರ್ಕಾರಕ್ಕೆ ಅದು ಗೊತ್ತಿರಲಿಲ್ಲ, ಅಷ್ಟೇ.

ಮೇಜು, ಕಂದೀಲಿನ ಎಣ್ಣೆ, ನೀರು, ಮತ ಹಾಕುವ ಮೂಲೆಗೆ ಮರೆ, ಎಲ್ಲಕ್ಕೂ ಸೇರಿ ಸರ್ಕಾರ ಕೊಟ್ಟದ್ದು ಹತ್ತು ರೂಪಾಯಿ. ಆ ನೋಟನ್ನು ಅಪ್ಪ ಎಷ್ಟು ಸಲ ಮಡಚಿ ಬಿಚ್ಚಿದರೆಂದರೆ ಅದರ ಮೇಲಿನ ಸಿಂಹಗಳಿಗೆ ಸೊಂಟ ಹಿಡಿದಿರಬೇಕು. ಊರ ಸಾವ್ಕಾರರು ಮೇಜು, ಪರದೆ, ಊಟ ಎಲ್ಲ ಪುಕ್ಕಟೆ ಕಳಿಸುತ್ತೇನೆಂದರು. ಅವರ ತಮ್ಮನೇ ಉಮೇದುವಾರ. ಅಪ್ಪ ಕೈಮುಗಿದು, "ಬ್ಯಾಡ್ರಿ. ನಿಮ್ಮ ಉಪ್ಪು ತಿಂದು ಈ ಕೆಲಸ ಮಾಡಾಕ ಆಗೂದಿಲ್ರಿ" ಎಂದರು. ಮರೆಗೆಂದು ಕುರಿ ಕಾಯುವ ಬೀರಪ್ಪನ ಕರಿ ಕಂಬಳಿಯನ್ನು ಎರಡು ರೂಪಾಯಿ ಬಾಡಿಗೆಗೆ ಮಾತಾಡಿದ್ದರು.

ಆಗ ನನ್ನ ಜಾಣತನ ಕೆರಳಿತು. "ಕಂಬಳಿಗೆ ಯಾಕ ರೊಕ್ಕ ಕೊಡ್ತೀಯೋ ಯಪ್ಪಾ? ಅವ್ವನ ಹಳೇ ಸೀರಿ ಐತಲ್ಲ."

"ತೆಳ್ಳಗ ಐತಲ್ಲೋ ಅದು."

"ನಾವೇನು ಕಿಲ್ಲಾ ಕಟ್ಟಾಕತ್ತೇವೇನು?"

ಎಣ್ಣೆಗೇ ರೊಕ್ಕ ಸಾಲದೆ ಕೂತಿದ್ದ ಅಪ್ಪ ಸೋತರು. ಬೆಳಕು ಚೆನ್ನಾಗಿ ಬೀಳಲಿ ಎಂದು ಮತ ಹಾಕುವ ಮೂಲೆಯನ್ನು ಪೂರ್ವದ ಕಿಟಕಿಯ ಬಳಿ ಮಾಡಿ, ಅದರ ಮುಂದೆ ನಾನೇ ಸೀರೆ ಕಟ್ಟಿದೆ.

ಮರುದಿನ ಬೆಳಿಗ್ಗೆ ಸೂರ್ಯ ಕಿಟಕಿಗೆ ಬಂದ, ಸೀರೆಯ ಮೇಲೆ ತೊಗಲುಗೊಂಬೆ ಆಟ ಶುರುವಾಯಿತು. ಬಾಗಿದ ತಲೆ, ಮುದ್ರೆ ಹಿಡಿದ ಕೈ, ಎಲ್ಲ ಕರ್ರಗೆ ಕಾಣುತ್ತಿದ್ದವು. ಕೈ ದೂರ ಚಾಚಿದರೆ ಚೀಟಿಯ ಮೇಲ್ಗಡೆ ಇದ್ದ ಸಾವ್ಕಾರರ ತಮ್ಮನಿಗೆ ಮತ. ಹೊಟ್ಟೆಯ ಹತ್ತಿರ ಇಳಿದರೆ ಕೆಳಗಿದ್ದ ಎದುರಾಳಿಗೆ. ಅಪ್ಪ ಸೀರೆಗೆ ಬೆನ್ನು ಮಾಡಿ ಪಟ್ಟಿಯೊಳಗೆ ಮುಳುಗಿದ್ದರು. ಸಾವ್ಕಾರರ ಏಜೆಂಟ ಮಾತ್ರ ಎಲೆ ಅಡಿಕೆ ಅಗಿಯುವುದನ್ನೂ ಮರೆತು ನೋಡುತ್ತಿದ್ದ. ನಾನು ಬಾಗಿಲಾಚೆ ನಿಂತು ನಗುತ್ತಿದ್ದೆ.

ಕಲ್ಲವ್ವ ಒಳಗೆ ಹೋದಳು. ಸಾವ್ಕಾರರ ಹೊಲದಲ್ಲಿ ಕೂಲಿ ಮಾಡುವವಳು. ಅವಳ ಕೈಯ ನೆರಳು ಬಹಳ ಹೊತ್ತು ನಿಂತು, ಹೊಟ್ಟೆಯ ಹತ್ತಿರ ಇಳಿಯಿತು.

ಹೊರಬರುವಾಗ ಏಜೆಂಟ ಅಂದ: "ಕಲ್ಲವ್ವಾ, ಕೈ ಬಾಳ ಗಿಡ್ಡ ಆತಲ್ಲ ನಿಂದು?"

ಅಪ್ಪ ತಿರುಗಿ ನೋಡಿದರು. ಮತದಾನ ನಿಲ್ಲಿಸಿ, ಎರಡು ರೂಪಾಯಿ ಕೊಟ್ಟು ಬೀರಪ್ಪನ ಕಂಬಳಿ ತರಿಸಿದರು. ಆಮೇಲೆ ಬಂದವರೆಲ್ಲ ಕಂಬಳಿಯ ಮರೆಯಲ್ಲಿ ಧೈರ್ಯವಾಗಿ ಮತ ಹಾಕಿದರು.

ಕಲ್ಲವ್ವನಿಗೆ ಸಾವ್ಕಾರರ ಹೊಲ ಬಂದ್ ಆಯಿತು. "ಯಾರಿಗೂ ಗೊತ್ತಾಗೂದಿಲ್ಲ ಅಂದಿದ್ರಲ್ರಿ ಮಾಸ್ತರ" ಎಂದು ಅವಳು ಅಪ್ಪನನ್ನು ಕೇಳಿದಳು. ಈಗ ಅವಳು ಇಂಡಿ ಕಡೆ ಲಿಂಬೆ ತೋಟದ ಕೂಲಿಗೆ ಹೋಗುತ್ತಾಳೆ. ಮೊನ್ನೆ ಬಸ್ಸಿಗೆ ಕಾಯುತ್ತಿದ್ದವಳು ನನ್ನನ್ನು ಕರೆದಳು.

"ತಮ್ಮಾ, ನಿನಗ ಲೆಕ್ಕ ಬಾಳ ಚಲೋ ಬರ್ತೈತಂತಲ್ಲ. ಹೋಗಿ ಬರೂ ಬಸ್ ಚಾರ್ಜ್ ಕಳದ್ರ ನನ್ನ ಕೂಲ್ಯಾಗ ಎಷ್ಟು ಉಳೀತೈತಿ, ಹೇಳು."

ಎಷ್ಟೆಂದು ನನಗೆ ತಕ್ಷಣ ಹೊಳೆದಿತ್ತು. ಹುಟ್ಟಿದಂದಿನಿಂದ ಮೊದಲ ಸಲ, ನನಗ ಲೆಕ್ಕ ಬರೂದಿಲ್ಲ ಎಂದೆ.